ಐರ್ಲೆಂಡಿನಿಂದ ವಲಸೆ ಹೋದ ಹಿರಿಯರ ಹುಡುಕಾಟ: ಚಂದಾ ಕಟ್ಟುವ ಮೊದಲು ನೋಡಬೇಕಾದ ಉಚಿತ ತಾಣಗಳು

ಐರ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದ ಹಿರಿಯರ ಊರು, ಮನೆ, ಹೆತ್ತವರ ಹೆಸರು ಇವೆಲ್ಲವನ್ನೂ ಪತ್ತೆ ಮಾಡಿಕೊಡುತ್ತೇವೆ ಎನ್ನುವ ಜಾಲತಾಣಗಳು ಇಂದು ಬೇಕಾದಷ್ಟಿವೆ. ಹುಡುಕಲು ಕುಳಿತವರಿಗೆ ಮೊದಲು ಎದುರಾಗುವುದು ತಿಂಗಳ ಚಂದಾ ಕೇಳುವ ದೊಡ್ಡ ಕಂಪನಿಗಳೇ. ಆದರೆ ಐರ್ಲೆಂಡಿನ ಮಟ್ಟಿಗೆ ಹೇಳುವುದಾದರೆ, ಅತ್ಯಂತ ಬೆಲೆಬಾಳುವ ಮೂಲ ದಾಖಲೆಗಳಲ್ಲಿ ಬಹುಪಾಲು ಆ ದೇಶದ ಸಾರ್ವಜನಿಕ ಸಂಸ್ಥೆಗಳ ತಾಣಗಳಲ್ಲಿ ಒಂದು ಪೈಸೆಯ ಖರ್ಚೂ ಇಲ್ಲದೆ ಸಿಗುತ್ತವೆ. ರಾಷ್ಟ್ರೀಯ ಪತ್ರಾಗಾರದ ಜನಗಣತಿ ತಾಣ, ಜನನ ಮರಣ ನೋಂದಣಿಗಳಿರುವ ಐರಿಷ್‌ಜೀನಿಯಾಲಜಿ ಡಾಟ್ ಐಇ, ರಾಷ್ಟ್ರೀಯ ಗ್ರಂಥಾಲಯದ ಕ್ಯಾಥೋಲಿಕ್ ದಾಖಲಾತಿ ಪುಸ್ತಕಗಳ ತಾಣ, ಗ್ರಿಫಿತ್ ಭೂಮೌಲ್ಯಮಾಪನವಿರುವ ಆಸ್ಕ್ ಅಬೌಟ್ ಐರ್ಲೆಂಡ್ ಎಂಬ ಈ ನಾಲ್ಕನ್ನೂ ನಾನು ಒಂದೇ ಮನೆತನದ ಹುಡುಕಾಟಕ್ಕೆ ಬಳಸಿದ್ದೇನೆ. ಅವುಗಳ ಗುಣ, ಮಿತಿ ಮತ್ತು ಬಳಸಬೇಕಾದ ಕ್ರಮವನ್ನು ಕುರಿತು ಇಲ್ಲಿ ಬರೆಯುತ್ತಿದ್ದೇನೆ.

ಕನ್ನಡದ ಓದುಗರಿಗೆ ಇದೇಕೆ ಎಂದು ಯಾರಾದರೂ ಕೇಳಬಹುದು. ನನ್ನ ಸೊಸೆ ಮೊಂಟಾನಾ ರಾಜ್ಯದ ಬ್ಯೂಟ್ ಎಂಬ ಗಣಿ ಪಟ್ಟಣದ ಐರಿಷ್ ಮನೆತನದವಳು. ಮೊಮ್ಮಗಳಿಗೆ ಒಂದು ವಂಶವೃಕ್ಷ ಬರೆದುಕೊಡಬೇಕೆಂದು ಹೊರಟಾಗ, ನಮ್ಮ ಕಡೆಯ ಕೊಂಬೆಗಳು ಏಳು ತಲೆಮಾರಿನವರೆಗೆ ಬಾಯಿಪಾಠವಾಗಿದ್ದವು. ತಾಯಿಯ ಕಡೆಯದು ‘ಸಲಿವನ್, ಐರ್ಲೆಂಡ್’ ಎಂಬಲ್ಲಿಗೆ ನಿಂತುಹೋಗಿತ್ತು. ಮಗುವಿನ ವಂಶದ ಅರ್ಧಭಾಗ ಹೀಗೆ ಖಾಲಿ ಉಳಿಯುವುದು ನನಗೂ ಬೀಗಿತ್ತಿಯವರಿಗೂ ಒಪ್ಪಿಗೆಯಾಗಲಿಲ್ಲ. ಅಮೆರಿಕದಲ್ಲೂ ಐರ್ಲೆಂಡಿನಲ್ಲೂ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಇಂಥ ನೆಂಟಸ್ತಿಕೆಗಳು ಈಗ ಅಪರೂಪವಲ್ಲ, ಆದ್ದರಿಂದ ಈ ಅನುಭವ ಇನ್ನೂ ಕೆಲವರಿಗೆ ಉಪಯೋಗಕ್ಕೆ ಬರಬಹುದು.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳುವುದು ಒಳ್ಳೆಯದು. ಐರ್ಲೆಂಡಿನ ಹಳೆಯ ದಾಖಲೆಗಳೆಲ್ಲ ಸುಟ್ಟುಹೋಗಿವೆ, ಹುಡುಕಿ ಪ್ರಯೋಜನವಿಲ್ಲ ಎಂಬ ಮಾತು ಐರಿಷ್ ಅಮೆರಿಕನ್ ಕುಟುಂಬಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಈ ಮಾತಿನಲ್ಲಿ ಸತ್ಯಾಂಶವಿದೆ. 1922ರ ಜೂನ್ 30ರಂದು ಅಂತರ್ಯುದ್ಧದ ನಡುವೆ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟ ಮತ್ತು ಬೆಂಕಿಗೆ ತುತ್ತಾಗಿ, 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಬಹುಭಾಗ, ಉಯಿಲುಗಳು ಮತ್ತು ಪ್ರೊಟೆಸ್ಟಂಟ್ ಪಂಗಡವಾದ ಚರ್ಚ್ ಆಫ್ ಐರ್ಲೆಂಡಿನ ಅರ್ಧಕ್ಕೂ ಹೆಚ್ಚು ದಾಖಲಾತಿ ಪುಸ್ತಕಗಳು ನಾಶವಾದವು. 1861 ಮತ್ತು 1871ರ ಗಣತಿ ಹಾಳೆಗಳನ್ನು ಅದಕ್ಕೆ ಬಹಳ ಮೊದಲೇ ಸರ್ಕಾರವೇ ನಾಶಪಡಿಸಿತ್ತು. 1881 ಮತ್ತು 1891ರ ಹಾಳೆಗಳು ಮೊದಲ ಮಹಾಯುದ್ಧದ ಕಾಗದದ ಅಭಾವದಲ್ಲಿ ರದ್ದಿಯಾಗಿ ಹೋದವು. ಆದರೆ ಕ್ಯಾಥೋಲಿಕ್ ಚರ್ಚುಗಳ ಪುಸ್ತಕಗಳು ಆ ಕಟ್ಟಡದಲ್ಲಿ ಇರಲಿಲ್ಲ, ಆಯಾ ಊರಿನ ಪಾದ್ರಿಗಳ ಬಳಿಯೇ ಇದ್ದವು. ಜನನ, ವಿವಾಹ, ಮರಣಗಳ ಸರ್ಕಾರಿ ನೋಂದಣಿಯೂ, ಅಚ್ಚಾಗಿ ಹಂಚಿಕೆಯಾಗಿದ್ದ ಭೂಮೌಲ್ಯಮಾಪನವೂ, 1901 ಮತ್ತು 1911ರ ಜನಗಣತಿಗಳೂ ಉಳಿದವು. ಸುಟ್ಟುಹೋದ ದಾಖಲೆಗಳ ನಕಲುಗಳನ್ನು ಬೇರೆ ಬೇರೆ ದೇಶಗಳ ಸಂಗ್ರಹಗಳಿಂದ ಹೆಕ್ಕಿ ತಂದು, ಟ್ರಿನಿಟಿ ಕಾಲೇಜಿನ ಮುಂದಾಳ್ತನದಲ್ಲಿ 2022ರಲ್ಲಿ ‘ವರ್ಚುವಲ್ ರೆಕಾರ್ಡ್ ಟ್ರೆಷರಿ’ ಎಂಬ ಉಚಿತ ತಾಣವನ್ನೂ ತೆರೆದಿದ್ದಾರೆ. ಬಡ ಕ್ಯಾಥೋಲಿಕ್ ರೈತ ಕುಟುಂಬಗಳ ಹುಡುಕಾಟಕ್ಕೆ ನನಗೆ ಅದು ಹೆಚ್ಚು ಒದಗಲಿಲ್ಲವಾದರೂ, ಅಂಥ ಕೆಲಸದ ಹಿಂದಿನ ಶ್ರದ್ಧೆ ದೊಡ್ಡದು.

ಈ ತಾಣಗಳಲ್ಲಿ ಯಾವುದನ್ನು ತೆರೆದರೂ ಮೊದಲು ಕೈಯಲ್ಲಿರಬೇಕಾದದ್ದು ಟೌನ್‌ಲ್ಯಾಂಡಿನ ಹೆಸರು. ಐರ್ಲೆಂಡಿನಲ್ಲಿ ಕೌಂಟಿಗಳು 32. ಅವುಗಳೊಳಗೆ ಬ್ಯಾರನಿ, ಅದರೊಳಗೆ ಪ್ಯಾರಿಷ್, ಎಲ್ಲಕ್ಕಿಂತ ಕೆಳಗೆ ಟೌನ್‌ಲ್ಯಾಂಡ್ ಎಂಬ, ಹಲವು ಕಡೆ ಬೆರಳೆಣಿಕೆಯ ಮನೆಗಳಷ್ಟೇ ಇರುವ, 60,000ಕ್ಕೂ ಹೆಚ್ಚು ಪುಟ್ಟ ಭೂಘಟಕಗಳಿವೆ. ಮರ್ಫಿ, ಕೆಲ್ಲಿ, ಸಲಿವನ್, ವಾಲ್ಶ್ ಮುಂತಾದ ಮನೆತನದ ಹೆಸರುಗಳು ದೇಶದ ತುಂಬ ಹರಡಿರುವಾಗ, ಟೌನ್‌ಲ್ಯಾಂಡ್ ಗೊತ್ತಿಲ್ಲದೆ ತಿಮೊಥಿ ಸಲಿವನ್ ಎಂದು ಹುಡುಕಿದರೆ ಸಿಗುವ ಉತ್ತರಗಳಿಗೆ ಕೊನೆಯಿರುವುದಿಲ್ಲ. ಈ ಹೆಸರು ಐರಿಷ್ ತಾಣಗಳಲ್ಲಿ ಸಿಗುವ ವಸ್ತುವಲ್ಲ. ವಲಸೆ ಹೋದವರು ಹೊಸ ನೆಲದಲ್ಲಿ ಬಿಟ್ಟುಹೋದ ಕಾಗದಗಳಲ್ಲಿ ಅದನ್ನು ಮೊದಲು ಕಂಡುಕೊಳ್ಳಬೇಕು. ಈ ಕ್ರಮವನ್ನು ತಿರುಗುಮುರುಗು ಮಾಡಿದವರ ಹಣವೂ ಹೋಗುತ್ತದೆ, ಸಮಯವೂ ಹೋಗುತ್ತದೆ.

ಅಮೆರಿಕದ ಎಲ್ಲ ದಾಖಲೆಗಳೂ ಊರಿನ ಹೆಸರು ಹೇಳುವುದಿಲ್ಲ. ಮರಣಪತ್ರ ಮತ್ತು ಜನಗಣತಿಗಳಲ್ಲಿ ಸಾಮಾನ್ಯವಾಗಿ ‘ಐರ್ಲೆಂಡ್’ ಎಂದಷ್ಟೇ ಇರುತ್ತದೆ. 1906ಕ್ಕಿಂತ ಹಿಂದಿನ ಪೌರತ್ವ ಪತ್ರಗಳಲ್ಲಿ ಅರ್ಜಿದಾರ ಬ್ರಿಟನ್ನಿನ ರಾಜನ ಅಥವಾ ರಾಣಿಯ ಪ್ರಜೆತನವನ್ನು ತೊರೆದನೆಂಬುದಕ್ಕಿಂತ ಹೆಚ್ಚಿನ ವಿವರ ಅಪರೂಪ. ಆದರೆ ಬಾಸ್ಟನ್ನಿನ ‘ಪೈಲಟ್’ ಪತ್ರಿಕೆ 1831ರಿಂದ 1921ರವರೆಗೆ ‘ಕಾಣೆಯಾದ ಆಪ್ತರು’ ಎಂಬ ಜಾಹೀರಾತುಗಳನ್ನು ಪ್ರಕಟಿಸುತ್ತ ಬಂತು. ಅಣ್ಣನನ್ನು ಹುಡುಕುವ ತಂಗಿ, ಗಂಡನನ್ನು ಹುಡುಕುವ ಹೆಂಡತಿ ತಮ್ಮ ಕೌಂಟಿ, ಪ್ಯಾರಿಷ್, ಎಷ್ಟೋ ಸಲ ಟೌನ್‌ಲ್ಯಾಂಡ್, ಹಡಗು ಬಿಟ್ಟ ವರ್ಷ, ಕೊನೆಯ ಕಾಗದ ಬಂದ ಊರು ಎಲ್ಲವನ್ನೂ ಬರೆದಿರುವ ಈ ಜಾಹೀರಾತುಗಳನ್ನು ಬಾಸ್ಟನ್ ಕಾಲೇಜು ಹುಡುಕಲು ಬರುವಂತೆ ಜೋಡಿಸಿ ಉಚಿತವಾಗಿ ಇಟ್ಟಿದೆ. ನಮ್ಮ ಹುಡುಕಾಟಕ್ಕೆ ಇಲ್ಲಿ ಏನೂ ಸಿಗಲಿಲ್ಲ. ಆದರೂ ಒಂದೊಂದನ್ನೇ ಓದುತ್ತಾ ಹೋದಂತೆ, 1845ರಿಂದ 1852ರವರೆಗಿನ ಆಲೂಗಡ್ಡೆ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತು ಇನ್ನು ಅಷ್ಟೇ ಜನ ದೇಶ ಬಿಟ್ಟರು ಎಂಬ ಲೆಕ್ಕ ಎಂಥ ಸಂಕಟದ ಲೆಕ್ಕ ಎಂಬುದು ಅರಿವಿಗೆ ಬರುತ್ತದೆ. ನ್ಯೂಯಾರ್ಕಿನಲ್ಲಿ ನೆಲೆಸಿದವರಾದರೆ, 1850ರಲ್ಲಿ ಐರಿಷ್ ವಲಸಿಗರಿಗಾಗಿ ಆರಂಭವಾದ ಎಮಿಗ್ರೆಂಟ್ ಸೇವಿಂಗ್ಸ್ ಬ್ಯಾಂಕಿನ ಖಾತೆದಾರರ ಪುಸ್ತಕಗಳನ್ನು ನೋಡಲೇಬೇಕು. ಖಾತೆದಾರನ ಗುರುತು ಪರೀಕ್ಷಿಸಲು ಬ್ಯಾಂಕಿನವರು ಅವನ ಹುಟ್ಟೂರನ್ನೂ ಹೆತ್ತವರ ಹೆಸರನ್ನೂ ಬರೆದುಕೊಳ್ಳುತ್ತಿದ್ದರು.

ನಮಗೆ ದಾರಿ ತೋರಿಸಿದ್ದು ಹಡಗಿನ ಪಟ್ಟಿ, ಅದೂ ನಾವು ಹುಡುಕುತ್ತಿದ್ದವರದ್ದಲ್ಲ. ಬೀಗಿತ್ತಿಯವರ ಮುತ್ತಜ್ಜ 1880ರ ದಶಕದಲ್ಲಿ ಬಂದವರು. ಆ ಕಾಲದ ಪಟ್ಟಿಗಳಲ್ಲಿ ಹೆಸರು, ವಯಸ್ಸು, ‘ಕೂಲಿ’ ಎಂಬ ಉದ್ಯೋಗ, ‘ಐರ್ಲೆಂಡ್’ ಎಂಬ ದೇಶ ಇವಿಷ್ಟನ್ನು ಬಿಟ್ಟರೆ ಬೇರೇನೂ ಇಲ್ಲ. 1907ರಿಂದ ಈಚೆಗಿನ ಪಟ್ಟಿಗಳಲ್ಲಾದರೋ, ಬಂದವನು ತಾಯ್ನಾಡಿನಲ್ಲಿ ಬಿಟ್ಟುಬಂದ ಹತ್ತಿರದ ನೆಂಟ ಯಾರು, ಅವರ ಊರು ಯಾವುದು, ಇಲ್ಲಿ ಯಾರ ಬಳಿಗೆ ಹೋಗುತ್ತಿದ್ದಾನೆ ಎಂಬ ಕಲಂಗಳಿವೆ. ಮುತ್ತಜ್ಜನ ಅಣ್ಣನ ಮಗ ಆ ಬಳಿಕ ಬಂದವನು. ಅವನ ಸಾಲಿನಲ್ಲಿ ‘ಚಿಕ್ಕಪ್ಪನ ಬಳಿಗೆ, ಬ್ಯೂಟ್, ಮೊಂಟಾನಾ’ ಎಂದೂ, ಬಿಟ್ಟುಬಂದ ತಂದೆಯ ವಿಳಾಸವಾಗಿ ಕಾರ್ಕ್ ಕೌಂಟಿಯ ಆಲಿಹೀಸ್ ಬಳಿಯ ಒಂದು ಟೌನ್‌ಲ್ಯಾಂಡಿನ ಹೆಸರೂ ಇದ್ದವು. ಆ ಟೌನ್‌ಲ್ಯಾಂಡಿನಲ್ಲಿ ಇಂದಿಗೂ ಅವರ ನೆಂಟರಿರುವುದರಿಂದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನೇರ ಹಿರಿಯನ ಕಾಗದದಲ್ಲಿ ಸಿಗದ್ದು ಅವನ ತಮ್ಮನ, ತಂಗಿಯ, ಅಣ್ಣನ ಮಗನ ಕಾಗದದಲ್ಲಿ ಸಿಗುತ್ತದೆ. ಆದ್ದರಿಂದ ಒಬ್ಬನನ್ನೇ ಹಿಡಿದು ಹುಡುಕದೆ ಇಡೀ ಬಳಗವನ್ನು ಹುಡುಕಬೇಕು. ನ್ಯೂಯಾರ್ಕ್ ಬಂದರಿನ ಹಳೆಯ ವಲಸೆ ಕೇಂದ್ರವಾದ ಎಲ್ಲಿಸ್ ದ್ವೀಪದ ಪ್ರತಿಷ್ಠಾನದ ತಾಣ ಮತ್ತು ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ತಾಣ ಎರಡರಲ್ಲೂ ಈ ಪಟ್ಟಿಗಳನ್ನು ಉಚಿತವಾಗಿ ನೋಡಬಹುದು, ಖಾತೆ ತೆರೆದರೆ ಸಾಕು.

ಆಲಿಹೀಸ್ ಮತ್ತು ಬ್ಯೂಟ್ ನಡುವಿನ ನಂಟನ್ನು ತಿಳಿದವರಿಗೆ ಈ ವಿಳಾಸದಲ್ಲಿ ಆಶ್ಚರ್ಯವಿಲ್ಲ. ಬೇರಾ ಪರ್ಯಾಯದ್ವೀಪದ ತುದಿಯಲ್ಲಿರುವ ಆಲಿಹೀಸ್‌ನಲ್ಲಿ 1812ರ ಸುಮಾರಿಗೆ ಪಕ್ಸ್‌ಲೀ ಮನೆತನದವರು ತಾಮ್ರದ ಗಣಿ ಆರಂಭಿಸಿದರು, 1880ರ ದಶಕದಲ್ಲಿ ಅದು ಮುಚ್ಚಿತು. ಸರಿಯಾಗಿ ಆ ಹೊತ್ತಿಗೆ, ಕ್ಯಾವನ್ ಕೌಂಟಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದಿದ್ದ ಮಾರ್ಕಸ್ ಡೇಲಿ ಬ್ಯೂಟ್‌ನಲ್ಲಿ ಅನಕೊಂಡಾ ತಾಮ್ರದ ಗಣಿಯನ್ನು ಬೆಳೆಸುತ್ತಿದ್ದ. ಕೆಲಸ ಬಲ್ಲ ಬೇರಾದ ಗಣಿಗಾರರು ಹಿಂಡು ಹಿಂಡಾಗಿ ಅಲ್ಲಿಗೆ ನಡೆದರು. 1900ರ ವೇಳೆಗೆ ಬ್ಯೂಟ್‌ನ ಜನರಲ್ಲಿ ಸುಮಾರು ಕಾಲು ಭಾಗ ಐರಿಷ್ ಮೂಲದವರು. ಆಲಿಹೀಸ್‌ನ ಗಣಿಗೆ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ನುರಿತ ಕೆಲಸಗಾರರನ್ನು ಕರೆಸಿದ್ದರು, ಅವರ ಪ್ರಾರ್ಥನಾಲಯವಾಗಿದ್ದ ಕಟ್ಟಡದಲ್ಲೇ ಈಗ ತಾಮ್ರದ ಗಣಿಯ ವಸ್ತುಸಂಗ್ರಹಾಲಯವಿದೆ. ಆಲಿಹೀಸ್ ಮುಚ್ಚುತ್ತಿದ್ದ ಅದೇ ದಶಕದಲ್ಲಿ ಜಾನ್ ಟೇಲರ್ ಕಂಪನಿ ನಮ್ಮ ಕೋಲಾರದ ಚಿನ್ನದ ಗಣಿಗೂ ಕಾರ್ನ್‌ವಾಲಿನ ಗಣಿಗಾರರನ್ನು ಕರೆತಂದದ್ದನ್ನು ಕೆಜಿಎಫ್ ಕಡೆಯ ಓದುಗರು ಬಲ್ಲರು.

ಊರಿನ ಹೆಸರು ಸಿಕ್ಕ ಮೇಲೆ ತೆರೆಯಬೇಕಾದದ್ದು ರಾಷ್ಟ್ರೀಯ ಪತ್ರಾಗಾರದ 1901 ಮತ್ತು 1911ರ ಜನಗಣತಿ ತಾಣ. ವಲಸೆ ಹೋದವನು ಇದರಲ್ಲಿ ಇರುವುದಿಲ್ಲ, ಆದರೆ ಅವನು ಬಿಟ್ಟುಹೋದ ಮನೆ ಇರುತ್ತದೆ. ಕೌಂಟಿ, ಅದರ ಕೆಳಗಿನ ಚುನಾವಣಾ ವಿಭಾಗ, ಅದರ ಕೆಳಗೆ ಟೌನ್‌ಲ್ಯಾಂಡ್ ಎಂದು ಒಂದೊಂದೇ ಮೆಟ್ಟಿಲಿಳಿದು ಒಂದು ಊರಿನ ಎಲ್ಲ ಮನೆಗಳನ್ನೂ ಸಾಲಾಗಿ ನೋಡಬಹುದಾದ ವ್ಯವಸ್ಥೆ ನನಗೆ ಬಹಳ ಹಿಡಿಸಿತು. ಮನೆಯೊಡೆಯ ತಾನೇ ತುಂಬಿ ಸಹಿ ಹಾಕಿದ, ಅಥವಾ ಬರಹ ಬಾರದವನಾದರೆ ಗೀಟು ಹಾಕಿದ ಮೂಲ ನಮೂನೆಯ ಚಿತ್ರವೇ ಪರದೆಯ ಮೇಲೆ ಬರುತ್ತದೆ. ಅದರ ಜೊತೆಗಿರುವ ಬಿ1 ಎಂಬ ನಮೂನೆಯನ್ನು ಅನೇಕರು ತೆರೆದು ನೋಡುವುದೇ ಇಲ್ಲ. ಗೋಡೆ ಕಲ್ಲಿನದೋ ಮಣ್ಣಿನದೋ, ಸೂರು ಹುಲ್ಲಿನದೋ ಹಂಚಿನದೋ, ಕೋಣೆ ಎಷ್ಟು, ಮುಂಭಾಗದಲ್ಲಿ ಕಿಟಕಿ ಎಷ್ಟು, ಜಾಗದ ಒಡೆಯ ಯಾರು ಎಂಬುದನ್ನೆಲ್ಲ ಗಣತಿಗಾರ ಅಲ್ಲಿ ಗುರುತು ಹಾಕಿದ್ದಾನೆ. ಮುತ್ತಜ್ಜನ ಅಣ್ಣನ ಮನೆಗೆ ಕಲ್ಲಿನ ಗೋಡೆ, ಹುಲ್ಲಿನ ಸೂರು, ಮುಂದೆ ಎರಡೇ ಕಿಟಕಿ. ಇದನ್ನು ಓದಿ ಹೇಳಿದಾಗ ಬೀಗಿತ್ತಿಯವರು ಮತ್ತೊಮ್ಮೆ ಓದಿಸಿದರು.

1911ರ ನಮೂನೆಯಲ್ಲಿ ಮದುವೆಯಾಗಿ ಎಷ್ಟು ವರ್ಷವಾಯಿತು, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂಬ ಪ್ರಶ್ನೆಗಳೂ ಸೇರಿರುವುದು ಹುಡುಕುವವರಿಗೆ ದೊಡ್ಡ ಅನುಕೂಲ. ಆದರೆ ವಯಸ್ಸಿನ ಕಲಂ ಅನ್ನು ನಂಬಿ ಕೂರಬಾರದು. ಆ ಮನೆಯ ಮುದುಕಿಗೆ 1901ರಲ್ಲಿ 60, 1911ರಲ್ಲಿ 76! ಇದು ಬರೆದವರ ಅಜಾಗರೂಕತೆಯಲ್ಲ. 70 ದಾಟಿದವರಿಗೆ ಪಿಂಚಣಿ ಕೊಡುವ 1908ರ ಕಾಯಿದೆ 1909ರ ಜನವರಿಯಿಂದ ಜಾರಿಗೆ ಬಂತು. ಅಷ್ಟು ವಯಸ್ಸಾದವರ ಹುಟ್ಟಿನ ಕಾಲಕ್ಕೆ ಸರ್ಕಾರಿ ಜನನ ನೋಂದಣಿ ಇನ್ನೂ ಆರಂಭವಾಗಿರಲಿಲ್ಲ, ಹೀಗಾಗಿ ದೇಶದ ತುಂಬ ಹಿರಿಯರ ವಯಸ್ಸು ಹತ್ತು ವರ್ಷದಲ್ಲಿ ಹದಿನೈದು ಇಪ್ಪತ್ತು ವರ್ಷ ಏರಿತು. ಇದರಿಂದ ಒಂದು ಉಪಕಾರವೂ ಆಗಿದೆ. ಪಿಂಚಣಿ ಅರ್ಜಿದಾರರ ವಯಸ್ಸನ್ನು ಖಚಿತಪಡಿಸಲು ಅಧಿಕಾರಿಗಳು ಆಗಿನ್ನೂ ಇದ್ದ 1841 ಮತ್ತು 1851ರ ಗಣತಿ ಹಾಳೆಗಳನ್ನು ತೆಗೆದು ನೋಡಿ, ಆ ಕುಟುಂಬದ ವಿವರವನ್ನು ಬರೆದಿಟ್ಟುಕೊಂಡರು. ಮೂಲ ಹಾಳೆಗಳು 1922ರಲ್ಲಿ ಹೋದವು, ಬರೆದಿಟ್ಟ ಚೀಟಿಗಳು ಉಳಿದವು. ಅವನ್ನೂ ಪತ್ರಾಗಾರ ‘ಗಣತಿ ಶೋಧ ನಮೂನೆಗಳು’ ಎಂಬ ಹೆಸರಿನಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಊರಲ್ಲೇ ಉಳಿದ ತಂಗಿಯೊಬ್ಬಳು ಪಿಂಚಣಿಗೆ ಅರ್ಜಿ ಹಾಕಿದ್ದರಿಂದ, ಕ್ಷಾಮದ ಕಾಲದಲ್ಲಿ ಹಡಗು ಹತ್ತಿದ ಅಣ್ಣನ ತಂದೆತಾಯಿಗಳ ಹೆಸರು ಇಂದು ತಿಳಿಯುವ ಸಾಧ್ಯತೆ ಇದೆ.

ಐರಿಷ್‌ಜೀನಿಯಾಲಜಿ ಡಾಟ್ ಐಇ ತಾಣವನ್ನು ನಾನು ಈ ನಾಲ್ಕರಲ್ಲಿ ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಸರ್ಕಾರಿ ನೋಂದಣಿ ಎಲ್ಲರಿಗೂ ಕಡ್ಡಾಯವಾದದ್ದು 1864ರ ಜನವರಿ 1ರಿಂದ. ಕ್ಯಾಥೋಲಿಕರಲ್ಲದವರ ವಿವಾಹಗಳಿಗೆ ಮಾತ್ರ 1845ರಿಂದಲೇ ಇತ್ತು. ಜನನಕ್ಕೆ 100, ವಿವಾಹಕ್ಕೆ 75, ಮರಣಕ್ಕೆ 50 ವರ್ಷ ಕಳೆದ ದಾಖಲೆಗಳ ಪುಟಗಳನ್ನು ಇಲ್ಲಿ ನೇರವಾಗಿ ನೋಡಬಹುದು, ಇಳಿಸಿಕೊಳ್ಳಬಹುದು. ಒಂದು ಜನನ ಪುಟದಲ್ಲಿ ಹತ್ತು ದಾಖಲೆಗಳಿರುತ್ತವೆ: ಹುಟ್ಟಿದ ದಿನ ಮತ್ತು ಟೌನ್‌ಲ್ಯಾಂಡ್, ಮಗುವಿನ ಹೆಸರು, ತಂದೆಯ ಹೆಸರು ಮತ್ತು ವಾಸಸ್ಥಳ, ತಾಯಿಯ ಹೆಸರು ಮತ್ತು ತವರುಮನೆಯ ಹೆಸರು, ತಂದೆಯ ಕಸುಬು, ಸುದ್ದಿ ತಂದವರ ಸಹಿ ಅಥವಾ ಗೀಟು. ಸಲಿವನ್ ಮತ್ತು ಹ್ಯಾರಿಂಗ್ಟನ್ ಹೆಸರುಗಳೇ ಊರ ತುಂಬ ಇರುವ ಬೇರಾದಂಥ ಕಡೆ, ತಾಯಿಯ ತವರಿನ ಹೆಸರೊಂದೇ ಎರಡು ಮನೆಗಳನ್ನು ಬೇರ್ಪಡಿಸಬಲ್ಲದು. 1900ಕ್ಕಿಂತ ಹಿಂದಿನ ಜನನಗಳ ಸೂಚಿಯಲ್ಲಿ ಆ ಹೆಸರು ಇರುವುದಿಲ್ಲವಾದ್ದರಿಂದ ಪ್ರತಿಯೊಂದು ಪುಟವನ್ನೂ ತೆರೆದು ನೋಡದೆ ಗತ್ಯಂತರವಿಲ್ಲ. ಇದು ಈ ತಾಣದ ಅತ್ಯಂತ ಬೇಸರದ ಭಾಗ. ತಡವಾಗಿ ನೋಂದಾಯಿಸಿದರೆ ದಂಡ ಕಟ್ಟಬೇಕಾಗಿದ್ದುದರಿಂದ ಬಡವರು ಹುಟ್ಟಿದ ದಿನವನ್ನೇ ಮುಂದಕ್ಕೆ ಹಾಕಿ ಬರೆಸುತ್ತಿದ್ದರು. ಹಾಗಾಗಿ ಚರ್ಚಿನ ಪುಸ್ತಕದಲ್ಲಿ ದೀಕ್ಷಾಸ್ನಾನವಾದ ಮೇಲೆ ಸರ್ಕಾರಿ ಪುಸ್ತಕದಲ್ಲಿ ಮಗು ಹುಟ್ಟಿರುವುದುಂಟು. ಅಂಥದ್ದು ಕಂಡರೆ ಬೇರೆ ಮಗುವೆಂದು ಕೈಬಿಡಬಾರದು.

ನಮ್ಮ ಮುತ್ತಜ್ಜ 1864ಕ್ಕಿಂತ ಮೊದಲು ಹುಟ್ಟಿದವರಾದ್ದರಿಂದ ಚರ್ಚಿನ ಪುಸ್ತಕಗಳಿಗೇ ಹೋಗಬೇಕಾಯಿತು. ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಸಾವಿರಕ್ಕೂ ಹೆಚ್ಚು ಕ್ಯಾಥೋಲಿಕ್ ಧರ್ಮಕೇಂದ್ರಗಳ (ಅಂದರೆ ಚರ್ಚಿನ ಪ್ಯಾರಿಷ್‌ಗಳ), ಹೆಚ್ಚುಕಡಿಮೆ 1880ರವರೆಗಿನ ಪುಸ್ತಕಗಳ ಮೈಕ್ರೊಫಿಲ್ಮ್ ಚಿತ್ರಗಳನ್ನು ಯಾವ ಶುಲ್ಕವೂ ಇಲ್ಲದೆ ಬಿಡುಗಡೆ ಮಾಡಿತು. ನಕ್ಷೆಯ ಮೇಲೆ ಧರ್ಮಕೇಂದ್ರವನ್ನು ಒತ್ತಿದರೆ ಪುಸ್ತಕ ತೆರೆದುಕೊಳ್ಳುತ್ತದೆ, ವರ್ಷ ಮತ್ತು ತಿಂಗಳಿನ ಮೂಲಕ ಪುಟಕ್ಕೆ ಹೋಗಬಹುದು. ಆದರೆ ಹೆಸರು ಹಾಕಿ ಹುಡುಕುವ ಸೌಲಭ್ಯ ಈ ತಾಣದಲ್ಲಿಲ್ಲ. ಮಸಿ ಹರಡಿದ, ಅಂಚು ಹರಿದ ಪುಟಗಳಲ್ಲಿ ಜೇಮ್ಸ್ ಎಂಬವನು ಲ್ಯಾಟಿನ್ನಿನಲ್ಲಿ ಜಾಕೋಬಸ್ ಆಗಿಯೂ ವಿಲಿಯಂ ಎಂಬವನು ಗುಲಿಯೆಲ್ಮಸ್ ಆಗಿಯೂ ಇರುವಾಗ, ಪುಟ ಪುಟವನ್ನೂ ಕಣ್ಣಲ್ಲಿ ಕಣ್ಣಿಟ್ಟು ಓದುವ ತಾಳ್ಮೆ ಇರಬೇಕು. ಆನ್ಸೆಸ್ಟ್ರಿ ಮತ್ತು ಫೈಂಡ್‌ಮೈಪಾಸ್ಟ್ ಕಂಪನಿಗಳು 2016ರಲ್ಲಿ ಇದೇ ಪುಟಗಳಿಗೆ ಹೆಸರಿನ ಸೂಚಿ ತಯಾರಿಸಿವೆ. ಧರ್ಮಕೇಂದ್ರ ಯಾವುದೆಂದು ಗೊತ್ತಿಲ್ಲದವರಿಗೆ ಅದು ನಿಜಕ್ಕೂ ನೆರವಾಗುತ್ತದೆ.

ಬೇರಾದವರಿಗೆ ಇಲ್ಲೊಂದು ತಿರುವು ಇದೆ. ಆಡಳಿತದ ದೃಷ್ಟಿಯಿಂದ ಆಲಿಹೀಸ್ ಕಾರ್ಕ್ ಕೌಂಟಿಗೆ ಸೇರಿದ್ದು, ಚರ್ಚಿನ ದೃಷ್ಟಿಯಿಂದ ಕೆರಿ ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಕಾರ್ಕ್ ಎಂದು ಹುಡುಕುವವರಿಗೆ ಸಿಗದೆ ಹೋಗುವ ಪುಸ್ತಕ ಕೆರಿ ಎಂದು ಹುಡುಕಿದರೆ ಸಿಗುತ್ತದೆ. ಕೆರಿ ಧರ್ಮಪ್ರಾಂತ್ಯದ ಕ್ಯಾಥೋಲಿಕ್ ದಾಖಲೆಗಳಿಗೆ ಐರಿಷ್‌ಜೀನಿಯಾಲಜಿ ತಾಣದ ಚರ್ಚ್ ವಿಭಾಗದಲ್ಲೇ ಹೆಸರಿನ ಸೂಚಿ ಇರುವುದು ನಮ್ಮ ಪುಣ್ಯ. ಅಲ್ಲಿ ಹೆಸರು ಹಿಡಿದು, ಗ್ರಂಥಾಲಯದ ತಾಣದಲ್ಲಿ ಮೂಲ ಪುಟ ತೆರೆದೆವು. ಒಂದೇ ಸಾಲು: ದಿನಾಂಕ, ಮಗುವಿನ ಹೆಸರು, ತಂದೆ, ತಾಯಿ ಮತ್ತು ಅವಳ ತವರಿನ ಹೆಸರು, ಧರ್ಮಪಿತ ಧರ್ಮಮಾತೆಯರಾಗಿ ನಿಂತ ಇಬ್ಬರ ಹೆಸರು, ಟೌನ್‌ಲ್ಯಾಂಡ್. ಆ ಧರ್ಮಪಿತನ ಹೆಸರೇ ಮುಂದೆ ಬ್ಯೂಟ್‌ನ ಒಂದು ಮದುವೆಯ ಸಾಕ್ಷಿಯಾಗಿ ಕಾಣಿಸಿತು, ಇಬ್ಬರೂ ಒಬ್ಬನೇ ಎಂದು ಹೇಳಲು ಆಧಾರ ಸಾಲದಿದ್ದರೂ ಒಂದೇ ಬಳಗದವರೆಂಬುದು ಸ್ಪಷ್ಟ. ಮಕ್ಕಳ ಹೆಸರಿನ ಕ್ರಮವೂ ಒಂದು ಸುಳಿವು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ಪದ್ಧತಿ ಐರಿಷ್ ಮನೆಗಳಲ್ಲಿ ವ್ಯಾಪಕವಾಗಿತ್ತು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಮನೆಗಳವರಿಗೆ ಇದನ್ನು ಹೇಳಿ ತಿಳಿಸಬೇಕಾಗಿಲ್ಲ. ಬ್ಯೂಟ್‌ನಲ್ಲಿ ಹುಟ್ಟಿದ ಇಬ್ಬರು ಹಿರಿಯ ಗಂಡುಮಕ್ಕಳ ಹೆಸರುಗಳು ಆಲಿಹೀಸ್‌ನ ಇಬ್ಬರು ಅಜ್ಜಂದಿರ ಹೆಸರುಗಳಿಗೆ ಸರಿಹೊಂದಿದ್ದವು. ಇದು ಸಾಕ್ಷ್ಯಕ್ಕೆ ಬಲ ಕೊಡುತ್ತದೆ, ಆದರೆ ತಾನೇ ಸಾಕ್ಷ್ಯವಾಗುವುದಿಲ್ಲ.

ಆಸ್ಕ್ ಅಬೌಟ್ ಐರ್ಲೆಂಡ್ ತಾಣದಲ್ಲಿರುವ ಗ್ರಿಫಿತ್ ಮೌಲ್ಯಮಾಪನ 1847ರಿಂದ 1864ರವರೆಗೆ ಕೌಂಟಿ ಕೌಂಟಿಯಾಗಿ ಪ್ರಕಟವಾದ, ತೆರಿಗೆಗಾಗಿ ಮಾಡಿದ ಭೂಮಿ ಮತ್ತು ಮನೆಗಳ ಲೆಕ್ಕ. ಗೇಣಿದಾರ, ಅವನ ಮೇಲಿನ ಒಡೆಯ, ವಿಸ್ತೀರ್ಣ, ಭೂಮಿಯ ಬೆಲೆ, ಕಟ್ಟಡದ ಬೆಲೆ ಇಷ್ಟೇ ಅದರಲ್ಲಿರುವುದು. ಮನೆಯೊಡೆಯನ ಹೊರತು ಹೆಂಡತಿ ಮಕ್ಕಳ ಹೆಸರಿಲ್ಲ. ಆದರೂ ಸಾಲಿನ ಮೊದಲಲ್ಲಿರುವ ಸಂಖ್ಯೆಯನ್ನು ಜೊತೆಗಿನ ನಕ್ಷೆಯಲ್ಲಿ ಹುಡುಕಿದರೆ ಆ ಮನೆ ನಿಂತಿದ್ದ ಜಾಗವೇ ಕಾಣುತ್ತದೆ. ನಕ್ಷೆ ತೆರೆಯುವುದು ನಿಧಾನ, ತಾಣದ ವಿನ್ಯಾಸವೂ ಹಳೆಯದು. ಇದಕ್ಕಾಗಿ ಗಣಕದ ದೊಡ್ಡ ಪರದೆ ಬೇಕು, ಫೋನಿನಲ್ಲಿ ಆಗದು. ಇದಕ್ಕೂ ಹಿಂದಿನ, 1823ರಿಂದ 1837ರವರೆಗಿನ ಚರ್ಚ್ ತೆರಿಗೆಯ ಪುಸ್ತಕಗಳು ಪತ್ರಾಗಾರದ ತಾಣದಲ್ಲಿವೆ. ಭೂಮಿಯಿಲ್ಲದ ಕೂಲಿಗಳು ಅದರಲ್ಲಿ ಸಿಗುವುದು ಕಷ್ಟ.

ಇನ್ನು ಹಣ ಪಡೆಯುವ ಸೇವೆಗಳ ವಿಷಯ. ಅವು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಕೌಂಟಿ ಮಟ್ಟದ ಕುಟುಂಬ ಇತಿಹಾಸ ಕೇಂದ್ರಗಳು ಸೇರಿ ನಡೆಸುವ ರೂಟ್ಸ್‌ಐರ್ಲೆಂಡ್ ತಾಣದಲ್ಲಿ, ಊರಿನ ಹೆಸರುಗಳನ್ನು ಬಲ್ಲ ಸ್ಥಳೀಯರು ಓದಿ ಬರೆದ ಚರ್ಚ್ ದಾಖಲೆಗಳಿವೆ. ಮೂಲ ಪುಟದ ಚಿತ್ರ ಅಲ್ಲಿಲ್ಲ, ಆದರೆ ಓದಿದವರ ಊರ ಪರಿಚಯವೇ ಅದರ ಬಲ. ನನ್ನ ಆಕ್ಷೇಪ ಇರುವುದು ಬೇರೆಯವರ ವಂಶವೃಕ್ಷಗಳಿಂದ ಸುಳಿವು ಎತ್ತಿ ಕಳಿಸುವ ಪದ್ಧತಿಯ ಬಗ್ಗೆ. ಚಂದಾ ಕಟ್ಟಿದ್ದ ಒಂದು ತಾಣ ನಮ್ಮ ಮುತ್ತಜ್ಜನಿಗೆ ಲಿಮರಿಕ್ ಕೌಂಟಿಯ ಅದೇ ಹೆಸರಿನ ಮತ್ತೊಬ್ಬನ ತಂದೆತಾಯಿಗಳನ್ನು ಅಂಟಿಸಿ, ‘ಹೊಂದಾಣಿಕೆ ಸಿಕ್ಕಿದೆ’ ಎಂದು ಅಭಿನಂದಿಸಿತು. ಅದೇ ತಪ್ಪನ್ನು ಹಲವು ಮನೆಯವರು ಒಬ್ಬರಿಂದೊಬ್ಬರು ನಕಲು ಮಾಡಿಕೊಂಡಿದ್ದರು.

ಹೆಸರು ಮಾತ್ರ ನೋಡಿ ಒಪ್ಪಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಆ್ಯನಿ ಮೂರ್‌ಗಿಂತ ದೊಡ್ಡ ನಿದರ್ಶನವಿಲ್ಲ. 1892ರ ಜನವರಿ 1ರಂದು ಎಲ್ಲಿಸ್ ದ್ವೀಪದ ವಲಸೆ ಕೇಂದ್ರ ತೆರೆದಾಗ ಮೊದಲು ಒಳಗೆ ಕಾಲಿಟ್ಟವಳು, ಕಾರ್ಕ್‌ನಿಂದ ‘ನೆವಾಡಾ’ ಹಡಗಿನಲ್ಲಿ ಇಬ್ಬರು ತಮ್ಮಂದಿರೊಡನೆ ಬಂದ ಈ ಹುಡುಗಿ. ಅವಳು ಟೆಕ್ಸಾಸ್‌ಗೆ ಹೋಗಿ ಅಲ್ಲೇ ತೀರಿಕೊಂಡಳೆಂದು ದಶಕಗಳ ಕಾಲ ನಂಬಲಾಗಿತ್ತು, ಆ ಮನೆತನದವರನ್ನು ಸಮಾರಂಭಗಳಿಗೂ ಕರೆಯುತ್ತಿದ್ದರು. ವಂಶಾವಳಿ ತಜ್ಞೆ ಮೇಗನ್ ಸ್ಮೊಲೆನ್ಯಾಕ್ ದಾಖಲೆಗಳನ್ನು ಒಂದೊಂದಾಗಿ ಪರಿಶೀಲಿಸಿ, ಟೆಕ್ಸಾಸ್‌ನ ಆ್ಯನಿ ಮೂರ್ ಐರ್ಲೆಂಡಿನಿಂದ ಬಂದವಳೇ ಅಲ್ಲ, ಇಲಿನಾಯ್‌ನಲ್ಲಿ ಹುಟ್ಟಿದವಳು ಎಂದು 2006ರಲ್ಲಿ ತೋರಿಸಿದರು. ನಿಜವಾದ ಆ್ಯನಿ ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡಿನಲ್ಲೇ ಬಡತನದಲ್ಲಿ ಬಾಳಿ, 1924ರಲ್ಲಿ ತೀರಿಕೊಂಡು, ಕ್ವೀನ್ಸ್‌ನ ಕ್ಯಾಲ್ವರಿ ಸ್ಮಶಾನದಲ್ಲಿ ಗುರುತಿನ ಕಲ್ಲೂ ಇಲ್ಲದೆ ಮಲಗಿದ್ದಳು. ಅಷ್ಟು ಪ್ರಸಿದ್ಧಳ ವಿಷಯದಲ್ಲೇ ಹೀಗಾಗಿರುವಾಗ, 19ನೇ ಶತಮಾನದ ಒಬ್ಬ ಗಣಿಕೂಲಿಯ ವಿಷಯದಲ್ಲಿ ಎಷ್ಟು ಎಚ್ಚರ ಬೇಕೆಂದು ಓದುಗರೇ ಊಹಿಸಬಹುದು.

ಡಿಎನ್‌ಎ ಪರೀಕ್ಷೆಯನ್ನು ನಾವು ಕೊನೆಗೆ ಇಟ್ಟುಕೊಂಡೆವು, ಅದು ಸರಿಯಾದ ಕ್ರಮವೆಂದೇ ನನ್ನ ಅಭಿಪ್ರಾಯ. ಶೇಕಡಾವಾರು ಮೂಲದ ಬಣ್ಣದ ನಕ್ಷೆಯಿಂದ ಊರು ತಿಳಿಯುವುದಿಲ್ಲ. ಹೊಂದಿಕೆಯಾದ ನೆಂಟರ ಪಟ್ಟಿಯಿಂದ ಮಾತ್ರ ಪ್ರಯೋಜನ, ಅದೂ ಕಾಗದದ ದಾಖಲೆ ನಮ್ಮ ಕೈಯಲ್ಲಿದ್ದಾಗ.

ಮನೆಯ ಹಿರಿಯರು ಈಗ ಯುನೈಟೆಡ್ ಕಿಂಗ್‌ಡಮ್‌ಗೆ ಸೇರಿರುವ ಉತ್ತರದ ಆರು ಕೌಂಟಿಗಳವರಾದರೆ ಕ್ರಮ ಸ್ವಲ್ಪ ಬದಲಾಗುತ್ತದೆ. 1921ರವರೆಗಿನ ಅಲ್ಲಿನ ಜನನ ಮರಣಗಳೂ ಐರಿಷ್‌ಜೀನಿಯಾಲಜಿ ತಾಣದಲ್ಲಿವೆ, ಆದರೆ ಅದರ ನಂತರದವುಗಳಿಗೆ ಉತ್ತರ ಐರ್ಲೆಂಡಿನ ನೋಂದಣಿ ಕಚೇರಿಗೆ ಪುಟಕ್ಕಿಷ್ಟೆಂದು ಹಣ ಕೊಡಬೇಕು. ಬೆಲ್‌ಫಾಸ್ಟ್‌ನ ಸಾರ್ವಜನಿಕ ದಾಖಲೆಗಳ ಕಚೇರಿ ಹಳೆಯ ಉಯಿಲುಗಳನ್ನೂ ಗ್ರಿಫಿತ್ ನಂತರದ ಭೂಮೌಲ್ಯ ಪರಿಷ್ಕರಣೆಯ ಪುಸ್ತಕಗಳನ್ನೂ ಉಚಿತವಾಗಿ ಜಾಲದಲ್ಲಿಟ್ಟಿದೆ. ಮನೆಯ ಒಡೆತನ ತಂದೆಯಿಂದ ಮಗನಿಗೆ ಬದಲಾದ ವರ್ಷ ಅದರಲ್ಲಿ ಬಣ್ಣದ ಮಸಿಯಲ್ಲಿ ತಿದ್ದಿರುತ್ತದೆ. ಬ್ಯೂಟ್ ಕಡೆಯವರು ಅಲ್ಲಿನ ಹಳೆಯ ಅಗ್ನಿಶಾಮಕ ಠಾಣೆಯ ಕಟ್ಟಡದಲ್ಲಿರುವ ಬ್ಯೂಟ್ ಸಿಲ್ವರ್ ಬೋ ಪತ್ರಾಗಾರವನ್ನು ಬಿಡಬಾರದು. ಐರ್ಲೆಂಡಿಗೇ ಹೋಗುವವರಿದ್ದರೆ ಡಬ್ಲಿನ್ನಿನ ಕಿಲ್ಡೇರ್ ಬೀದಿಯ ರಾಷ್ಟ್ರೀಯ ಗ್ರಂಥಾಲಯದಲ್ಲಿ ವಂಶಾವಳಿ ತಜ್ಞರ ಸಲಹೆಯೂ ಉಚಿತ. ಹೋಗುವಾಗ ಟೌನ್‌ಲ್ಯಾಂಡಿನ ಹೆಸರನ್ನೂ ಈವರೆಗೆ ಸಿಕ್ಕ ಪುಟಗಳ ಪ್ರತಿಗಳನ್ನೂ ಜೊತೆಗೆ ಒಯ್ದರೆ, ಅವರ ಸಮಯ ನಿಮಗೆ ಈಗಾಗಲೇ ತಿಳಿದಿರುವುದನ್ನು ಮತ್ತೆ ಹುಡುಕುವುದರಲ್ಲಿ ಕಳೆಯುವುದಿಲ್ಲ.